ಆಸ್ಪತ್ರೆಗೆ ಉಡುವ ಬಟ್ಟೆ

ಭಾನುವಾರ ಬೆಳಿಗ್ಗೆ, ಅಮೆರಿಕದ ಮೆಂಫಿಸ್ ನಗರದ ತನ್ನ ಮನೆಯಲ್ಲಿ, ಒಡೆಸ್ಸಾ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಚರ್ಚಿಗೆ ಹೊರಡುವುದಕ್ಕಲ್ಲ, ಹತ್ತು ದಿನದ ಬಾಣಂತಿ ಮಗಳು ರೆನೆಲ್‌ಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹಿಂದಿನ ದಿನದಿಂದ ಅವಳಿಗೆ ತಲೆ ಸಿಡಿಯುತ್ತಿತ್ತು, ಪಾದಗಳು ಬಾತಿದ್ದವು. ಈಗ ಕಣ್ಣೆದುರು ಕಿಡಿ ಹಾರಿದಂತಾಗುತ್ತಿತ್ತು.

"ನೈಟಿಯಲ್ಲೇ ಬರ್ತೀನಮ್ಮ. ಇಲ್ಲಿ ಪ್ರಾಣ ಹೋಗ್ತಿದೆ, ನಿಂಗೆ ಇಸ್ತ್ರಿ ಚಿಂತೆ."

"ಪ್ರಾಣ ಹೋಗಬಾರದು ಅಂತಾನೇ ಇಸ್ತ್ರಿ. ಕೈ ಎತ್ತು."

ಮಗುವನ್ನು ಎತ್ತಿಕೊಂಡಿದ್ದ ಅಳಿಯ ಬಾಗಿಲಲ್ಲಿ ನಿಂತು ಕೇಳಿದ. "ಅತ್ತೆ, ಕರ್ಕೊಂಡು ಹೋಗ್ತಿರೋದು ಆಸ್ಪತ್ರೆಗೋ, ಫೋಟೋ ತೆಗೆಸಕ್ಕೋ?"

"ನಿನ್ನ ಬಾಯಿಗೂ ಒಂದು ಇಸ್ತ್ರಿ ಎಳೀತೀನಿ, ಸುಮ್ನಿರು." ಒಡೆಸ್ಸಾ ಮಗಳ ನೀಲಿ ಕೋಟಿನ ಗುಂಡಿ ಹಾಕಿದಳು. "ನಿನ್ನ ಚಿಕ್ಕಮ್ಮ ಮನೆ ಬಟ್ಟೆಯಲ್ಲೇ ಆಸ್ಪತ್ರೆಗೆ ಹೋದ್ಲು. ಕೂತ್ಕೋ ಅಂದ್ರು, ಕೂತ್ಲು. ಆ ಕುರ್ಚಿಯಿಂದ ಅವಳು ಏಳಲೇ ಇಲ್ಲ. ಈ ಮೆಂಫಿಸ್‌ನಲ್ಲಿ ನಮ್ಮಂಥ ಕಪ್ಪು ಬಣ್ಣದೋರು ಕಾಯಿಲೆ ಬೀಳೋಕೂ ನೆಟ್ಟಗೆ ಉಡಬೇಕು ಕಣೆ."

ರೆನೆಲ್ ಕೋರ್ಟಿನಲ್ಲಿ ಸರ್ಕಾರಿ ವಕೀಲೆ. ತಾಯಿ ಅವಳ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಲು ಹೋದಾಗ ಮಾತ್ರ ಅವಳು ಕೈ ತಳ್ಳಿದಳು. "ಇದೊಂದು ಬೇಡ. ಅಲ್ಲಿ ನಾನು ರೋಗಿ, ಅಷ್ಟೇ." ಒಡೆಸ್ಸಾ ಚೀಟಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಆಸ್ಪತ್ರೆಯ ಕೌಂಟರ್ ಕಟ್ಟೆಯ ಹಿಂದೆ ಕಾಲಿನ್ ಎಂಬ ಬಿಳಿಯ ನರ್ಸ್ ಕೂತಿದ್ದಳು. ಬೆಳಗಿನಿಂದ ಒಬ್ಬಳೇ ಎಲ್ಲರನ್ನೂ ಸಂಭಾಳಿಸುತ್ತಿದ್ದ ಅವಳು ಕತ್ತೆತ್ತದೆಯೇ ಹೇಳಿದಳು. "ಬಾಣಂತಿಗೆ ನಿದ್ದೆ ಇರಲ್ಲ, ತಲೆನೋವು ಬರುತ್ತೆ. ಕೂತಿರಿ, ಕರೀತೀನಿ."

ನಲವತ್ತು ನಿಮಿಷವಾಯಿತು, ಯಾರೂ ಕರೆಯಲಿಲ್ಲ. "ಅಮ್ಮ, ನಿನ್ನ ಮುಖ ಎರಡೆರಡಾಗಿ ಕಾಣ್ತಿದೆ," ಎಂದಳು ರೆನೆಲ್. ಒಡೆಸ್ಸಾ ಎದ್ದುಹೋಗಿ ಚೀಟಿಯನ್ನು ಕಟ್ಟೆಯ ಮೇಲಿಟ್ಟಳು.

ಕಾಲಿನ್ ಓದಿದಳು. ಅವಳ ಬೆನ್ನು ನೆಟ್ಟಗಾಯಿತು. "ಓ, ಬನ್ನಿ ಮೇಡಂ." ರಕ್ತದೊತ್ತಡ ನೂರ ತೊಂಬತ್ತು ದಾಟಿತ್ತು. ಎರಡು ನಿಮಿಷದಲ್ಲಿ ಗಾಲಿಕುರ್ಚಿ ಬಂತು, ವೈದ್ಯರು ಓಡಿಬಂದರು, ಬಾಗಿಲು ಮುಚ್ಚಿತು.

ಒಂದು ಗಂಟೆಯ ನಂತರ ಕಾಲಿನ್ ಹೊರಬಂದು ಒಡೆಸ್ಸಾಳ ಭುಜ ಮುಟ್ಟಿದಳು. "ಒತ್ತಡ ಇಳೀತಿದೆ. ಇನ್ನೊಂಚೂರು ತಡವಾಗಿದ್ರೆ ಫಿಟ್ಸ್ ಬಂದುಬಿಡ್ತಿತ್ತು. ವಕೀಲರು ಅಂತ ಮೊದಲೇ ಹೇಳಬಾರದಿತ್ತಾ? ಕೂರಿಸ್ತಾನೇ ಇರಲಿಲ್ಲ." ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು.

ಕಾಲಿನ್ ತನ್ನ ಜಾಗಕ್ಕೆ ಮರಳಿದಳು.

ಮಗಳು ಬದುಕಿದಳು ಎಂದು ಒಡೆಸ್ಸಾ ಕುರ್ಚಿಗೆ ಒರಗಿದಳು. ಆಗ ಪಕ್ಕದವಳು ಕಣ್ಣಿಗೆ ಬಿದ್ದಳು. ಕೋಳಿಮಾಂಸದ ಕಾರ್ಖಾನೆಯ ರಬ್ಬರ್ ಬೂಟು ತೊಟ್ಟ ಕಪ್ಪು ಹೆಣ್ಣು, ಏಳೆಂಟು ತಿಂಗಳ ಬಸುರಿ. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

"ಎಷ್ಟೊತ್ತಾಯ್ತಮ್ಮ ಬಂದು?"

"ನೀವು ಬರೋಕ್ಕಿಂತ ಮುಂಚೆ." ಅವಳು ಕಣ್ಣು ತೆರೆಯಲಿಲ್ಲ. "ಇರಲಿ ಬಿಡಕ್ಕ. ನಿಮ್ಮ ಮಗಳು ದೊಡ್ಡ ಕೆಲಸದಲ್ಲಿದಾಳಂತಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಒಡೆಸ್ಸಾ ಎದ್ದು ಆ ಹೆಂಗಸಿನ ಕಂಕುಳಿಗೆ ಕೈಹಾಕಿ ಎಬ್ಬಿಸಿದಳು, ಬೂಟುಗಾಲನ್ನು ಒಂದೊಂದೇ ಹೆಜ್ಜೆ ಇಡಿಸುತ್ತ ಕಟ್ಟೆಯವರೆಗೂ ನಡೆಸಿಕೊಂಡು ಬಂದಳು.

ಕಾಲಿನ್ ಮುಗುಳ್ನಕ್ಕಳು. "ಇವರು ನಿಮಗೇನಾಗಬೇಕು? ಏನು ಕೆಲಸದಲ್ಲಿದಾರೆ?"

"ನಮಗಿಂತ ಮೊದಲು ಬಂದೋರು," ಎಂದಳು ಒಡೆಸ್ಸಾ.

ಕಾಲಿನ್‌ಳ ನಗೆ ನಿಧಾನವಾಗಿ ಕರಗಿತು. ಆಮೇಲೆ ಅವಳು ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಕೈಗೆತ್ತಿಕೊಂಡು, ಕಟ್ಟೆಯನ್ನು ಬಳಸಿ ಈಚೆಗೆ ಬಂದಳು.