ನಾಲ್ಕನೆಯ ಅಂಗಿ

"ಭುಜದ ಹತ್ರ ಬಿಚ್ಚಿ ಒಂಚೂರು ಅಗಲ ಮಾಡಿಕೊಡೆ. ತೋಳೂ ಸ್ವಲ್ಪ ಇಳಿಸು," ಎನ್ನುತ್ತ ಅಕ್ಕ ಗೂಟದಲ್ಲಿದ್ದ ಮಂಕು ಹಸಿರು ಅಂಗಿಯನ್ನು ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟಳು.

ಟೈಲರ್ ತಂಗಿ ನಕ್ಕುಬಿಟ್ಟಳು. "ಅದು ನಂದು ಕಣೇ. ನಿಂದು ಆಗ್ಲೇ ಕೊಟ್ಟಾಯ್ತಲ್ಲ."

"ಗೊತ್ತು. ಅಳತೆಗೆ ಇದನ್ನ ಇಟ್ಕೋ." ಅಕ್ಕನ ಚೀಲದಿಂದ ಒಂದು ಹಳೆಯ ಅಂಗಿ ಹೊರಬಂತು.

ತಂಗಿ ಅದನ್ನು ಹರಡಿ ನೋಡಿದಳು. ಅಳತೆ ಅಂಗಿ ಸುಳ್ಳು ಹೇಳುವುದಿಲ್ಲ. ಆ ಅಗಲ ಭುಜಕ್ಕೆ ಅವಳು ಎಷ್ಟೋ ಸಲ ಹೊಲಿದಿದ್ದಳು. ಅಕ್ಕನ ನಾದಿನಿಯದು.

ಸಫಾರಿ ಪಾರ್ಕಿನಲ್ಲಿ ಕಣ್ಣು ಕುಕ್ಕುವ ಬಣ್ಣದ ಬಟ್ಟೆ ತೊಡುವಂತಿಲ್ಲ, ಪ್ರಾಣಿಗಳು ಬೆದರುತ್ತವೆ. ಅದಕ್ಕೇ ಮಂಕು ಹಸಿರು ಬಟ್ಟೆಯ ಒಂದೇ ತಾನಿನಿಂದ ನಾಲ್ಕು ಅಂಗಿ ಕತ್ತರಿಸಿದ್ದಳು: ಅಕ್ಕ, ಭಾವ, ಅವರ ಮಗಳು ಪುಟ್ಟಿ, ಕೊನೆಗೆ ತಾನು. ರೂಮು ಹಿಡಿದದ್ದೂ ಅವಳೇ. ಹೊರಗೆ ಉಳಿದುಕೊಂಡವರು ಬೆಳಗ್ಗೆ ಗೇಟಿನ ಮುಂದೆ ಸಾಲಿನಲ್ಲಿ ಕಾಯಬೇಕು. ಪಾರ್ಕಿನೊಳಗಿನ ಮರದ ಮನೆ ಸಿಕ್ಕಿದವರಿಗೆ ಮೊದಲ ಜೀಪು ಬಾಗಿಲಿಗೇ ಬರುತ್ತದೆ. ಮನೆಗೆ ನಾಲ್ಕೇ ಮಂಚ, ನಾಲ್ಕೇ ಜನ. ಫೋನನ್ನು ಕಿವಿ–ಭುಜದ ನಡುವೆ ಸಿಕ್ಕಿಸಿಕೊಂಡು, ಕತ್ತರಿ ಆಡಿಸುತ್ತಲೇ ದಿನವೂ ಅಲ್ಲಿನ ಬುಕಿಂಗ್ ಗುಮಾಸ್ತನನ್ನು ಕೇಳುತ್ತಿದ್ದಳು. "ಇಲ್ಲ ತಂಗಿ, ಖಾಲಿ ಇಲ್ಲ" ಎಂದು ಹೇಳಿ ಹೇಳಿಯೇ ಅವನು ಅಣ್ಣನಾಗಿಬಿಟ್ಟಿದ್ದ. ಕಾಡಣ್ಣ ಎಂಬುದು ಇವಳಿಟ್ಟ ಹೆಸರು. ಯಾರೋ ಬರುವುದಿಲ್ಲವೆಂದಾಗ ಅವನೇ ಫೋನ್ ಮಾಡಿ ಕೊಡಿಸಿದ್ದ. ಸರಪಳಿಯಿಲ್ಲದೆ ತನ್ನಿಷ್ಟಕ್ಕೆ ನಡೆಯುವ ಆನೆಯನ್ನು ಒಮ್ಮೆ ನೋಡಬೇಕೆಂಬುದೇ ಅವಳ ಆಸೆ.

"ನಾದಿನಿ ಬಂದೇ ಬರ್ತೀನಿ ಅಂತ ಕೂತಿದಾರೆ," ಎಂದಳು ಅಕ್ಕ. "ಬೇಡ ಅಂದ್ರೆ ನಾನು ಆ ಮನೇಲಿ ಬಾಳೋಕಾಗುತ್ತಾ? ನಿಂಗಾದ್ರೆ ಹೇಳಿದ್ರೆ ಅರ್ಥ ಆಗುತ್ತೆ. ಅಲ್ದೆ ನಿಂಗೆ ಜೀಪಲ್ಲಿ ವಾಂತಿ ಬರುತ್ತೆ."

"ಚಿಕ್ಕೋಳಿದ್ದಾಗ ಒಂದ್ಸಲ ಬಂದಿತ್ತು. ಅದೂ ನೀನು ತಿನ್ನಿಸಿದ ಹುಣಸೆಕಾಯಿಗೆ!"

"ಅಮ್ಮಾನೂ ಹಾಗೇ ಅಂದ್ಲಪ್ಪ."

"ಅಮ್ಮಂಗೆ ಗೊತ್ತಾ?"

"ಹೋದ ವಾರಾನೇ ಹೇಳಿದ್ನಲ್ಲ."

ಅಡುಗೆಮನೆಯಲ್ಲಿ ಅಮ್ಮ ಟೀ ಕಲಕುತ್ತಿದ್ದ ಚಮಚದ ಸದ್ದು ನಿಂತಿತು. ಈ ಅಂಗಿಗೆ ಗುಂಡಿ ಹಚ್ಚಿದ್ದು ಅಮ್ಮನೇ, ನಿನ್ನೆ ಸಂಜೆ. ಮಗಳ ಎದೆಗೆ ಹಿಡಿದು ನೋಡಿ, "ನಿಂಗೆ ಈ ಬಣ್ಣ ಎಷ್ಟು ಒಪ್ಪುತ್ತೆ ನೋಡು" ಎಂದಿದ್ದಳು. ಅಕ್ಕನದು ಸಂಸಾರದ ಕಷ್ಟ ಅಂದುಕೊಳ್ಳಬಹುದು. ಅಮ್ಮನ ಆ ಮಾತನ್ನು ಏನೆಂದುಕೊಳ್ಳುವುದು?

"ರೂಮು ನಿನ್ನ ಹೆಸರಲ್ಲಿದೆ. ಹೆಸರಿದ್ದೋರು ಗೇಟಲ್ಲಿ ಇರ್ಲೇಬೇಕಂತೆ," ಅಕ್ಕ ದನಿ ತಗ್ಗಿಸಿದಳು. "ನಿನ್ನ ಕಾಡಣ್ಣಂಗೆ ಒಂದು ಮಾತು ಹೇಳಿಬಿಡೆ."

ಆಗಲ್ಲ ಎಂದುಬಿಡಬಹುದಿತ್ತು. ಆದರೆ ತಾನು ಬೇಡವೆಂದವರ ಪಕ್ಕ ಕೂತು ನೋಡಿದರೆ ಆನೆಯೂ ಸಪ್ಪೆಯೇ. ಫೋನೆತ್ತಿಕೊಂಡಳು.

"ನೂರು ವರ್ಷ ಆಯಸ್ಸು ತಂಗಿ! ಈಗಷ್ಟೇ ನೆನೆಸ್ಕೊಂಡೆ. ನಿಮ್ಮ ಮರದ ಮನೆ ಎದುರಿನ ಕೆರೆಗೇ ಆನೆ ಇಳಿದಿವೆ, ಮರೀನೂ ಇದೆ!"

"ಅಣ್ಣಾ, ನನ್ನ ಹೆಸರು ತೆಗೆದು ಅಕ್ಕನ ಹೆಸರು ಹಾಕಿ."

"ಯಾಕಮ್ಮಾ? ನೀವು ಬರಲ್ವಾ?"

"ನಂಗೆ ಜೀಪಲ್ಲಿ ವಾಂತಿ ಬರುತ್ತಂತೆ."

ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದು. ಆಮೇಲೆ, "ಆಯ್ತಮ್ಮ," ಎಂದ, ಅಷ್ಟೇ.

ಅಕ್ಕ ಉಸಿರುಬಿಟ್ಟಳು. "ನೀನು ಚಿನ್ನ ಕಣೇ! ಅಂಗಿ ಮಾತ್ರ ಶುಕ್ರವಾರಕ್ಕೆ ಬೇಕು."

"ಬಿಚ್ಚಿದ್ರೂ ಇದು ಅಗಲ ಆಗಲ್ಲ. ನಿಮ್ಮೆಲ್ಲರದಕ್ಕೂ ಹೊಲಿಗೆ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟು ಹೊಲಿದೆ. ನನ್ನ ಪಾಲಿಗೆ ಬರೋ ಹೊತ್ತಿಗೆ ಬಟ್ಟೆ ಸಾಲ್ಲಿಲ್ಲ."

"ಹಾಗಾದ್ರೆ ಬೇರೆ ಹೊಲಿ."

"ಹೊಲೀತೀನಿ. ಅಳತೆ ಇಟ್ಟು ಹೋಗು. ಸರದಿ ಬಂದಾಗ."

"ಸರದೀನಾ? ನಾನೇನು ಗಿರಾಕೀನಾ?"

"ಇವತ್ತಿಂದ ಹೌದಕ್ಕ."

ಅಕ್ಕ ದಡದಡ ಮೆಟ್ಟಿಲಿಳಿದು ಹೋದಳು. ಅಮ್ಮ ಟೀ ಲೋಟ ತಂದಿಟ್ಟು, ಮಗಳ ಮುಖ ನೋಡದೆ, ನಾದಿನಿಯ ಅಳತೆ ಅಂಗಿಯನ್ನು ಮಡಿಸಿ ಸರದಿಗೆ ಕಾದಿದ್ದ ಗಿರಾಕಿಗಳ ಬಟ್ಟೆಯ ರಾಶಿಯ ಮೇಲಿಟ್ಟಳು. ಮಗಳು ಹಸಿರು ಅಂಗಿ ತೊಟ್ಟು ಒಂದೊಂದೇ ಗುಂಡಿ ಹಾಕಿಕೊಂಡಳು. ಆಮೇಲೆ ಆ ಅಳತೆ ಅಂಗಿಯನ್ನು ತೆಗೆದು, ರಾಶಿಯನ್ನು ಒಂದು ಕೈಯಿಂದ ಎತ್ತಿ ಹಿಡಿದು, ಎಲ್ಲಕ್ಕಿಂತ ಕೆಳಗೆ ಇಟ್ಟಳು.