ಗುಲಾಬಿ ಬಕೆಟ್ಟಿನ ಬೂದಿ

ರೇಡಿಯೋ ಮಾತಾಡುತ್ತಿದೆ, ಯಾರೋ ಗಂಡಸಿನ ದನಿ, ಗುಲಾಬಿ ಗಿಡವನ್ನು ಚಳಿಗಾಲದಲ್ಲಿ ಎಲ್ಲಿಗೆ ಕತ್ತರಿಸಬೇಕು ಅಂತ ಹೇಳುತ್ತಿದ್ದಾನೆ, ಹೆದರಬೇಡಿ, ಧೈರ್ಯವಾಗಿ ಕತ್ತರಿಸಿ, ಗಿಡಕ್ಕೆ ಏನೂ ಆಗುವುದಿಲ್ಲ — ದನಿ ಕಾಲುವೆಯ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಿಕೊಂಡು ಸೇತುವೆಯ ತನಕ ಬರುತ್ತಿದೆ, ತಮ್ಮ ಮನೆಯೇ ಆದ ದೋಣಿಯಿಂದಲೇ, ಕಿವಿ ಮಂದ ಅಂತ ಗಂಡ ಊರಿಗೆಲ್ಲ ಕೇಳುವ ಹಾಗೆ ಇಟ್ಟಿದ್ದಾನೆ, ಮೇವಿಸ್ ತಳ್ಳುಗಾಡಿಯ ಹಿಡಿಯನ್ನು ಕೈ ಬದಲಿಸಿದಳು, ಇದ್ದಲಿನ ಚೀಲ ಒಂದು ಕಡೆಗೆ ವಾಲಿತು, ವಾಲಲಿ, ಬಿದ್ದರೆ ಬೀಳಲಿ, ಎತ್ತುವ ಶಕ್ತಿ ಯಾರಿಗಿದೆ — ಪರವಾಗಿಲ್ಲ, ಸಿರಿಲ್ ಎದ್ದು ಕೂತಿದ್ದಾನೆ, ಇವತ್ತು ಅವನಿಗೆ ಒಳ್ಳೆಯ ದಿನ, ದೇವರು ದೊಡ್ಡವನು, ಒಂದಾದರೂ ಒಳ್ಳೆಯ ದಿನ ಕೊಟ್ಟ. ನೀರು ಹೆಪ್ಪುಗಟ್ಟದಿದ್ದರೆ ನಾರಿಸ್‌ನ ಇದ್ದಲು ದೋಣಿ ಬಾಗಿಲಿಗೇ ಬರುತ್ತಿತ್ತು, ಈಗ ಅದು ಕಾಲುವೆಯ ನೀರು ಏರಿಳಿಸುವ ಲಾಕ್‌ನ ಕೆಳಗೆ ಸಿಕ್ಕಿಹಾಕಿಕೊಂಡಿದೆ, ಬೇಕಾದವರು ನಡೆದುಕೊಂಡು ಹೋಗಿ ತರಬೇಕು, ಬನ್ನಿ ಮೇವಿಸಮ್ಮ, ಒಂದು ಟೀ ಕುಡ್ಕೊಂಡ್ ಹೋಗಿ, ಮುಖ ನೋಡಿದ್ರೆ ವಾರದಿಂದ ನಿದ್ದೆ ಮಾಡಿಲ್ಲ ಅನ್ಸತ್ತೆ, ಅಂದಿದ್ದ ನಾರಿಸ್, ಚೀಲ ತುಂಬಿಕೊಡುತ್ತ, ಕೂತಳು, ಅವನ ಒಲೆಯ ಪಕ್ಕದಲ್ಲಿ, ಇನ್ನೊಂದು ಟೀ ಕೊಟ್ಟ, ಅದನ್ನೂ ಕುಡಿದಳು, ಕಣ್ಣು ಮುಚ್ಚಿಯೇ ಹೋಗಿತ್ತು, ಸಿರಿಲ್ ಅಣ್ಣ ಹೇಗಿದ್ದಾರೆ, ಇದಾನಪ್ಪ, ಇದಾನೆ, ಮತ್ತೆಲ್ಲಿಗೆ ಹೋಗ್ತಾನೆ.

ಎಲ್ಲಿಗೆ ಹೋಗುತ್ತಾನೆ, ಅದೇ ಪ್ರಶ್ನೆ, ಕಾವೆಂಟ್ರಿಯಲ್ಲಿ ಮಗಳು ಟೆಸ್ಸಾ ತನ್ನ ಮನೆಯ ಕೆಳಗಿನ ಕೋಣೆಗೆ ಬಣ್ಣ ಬಳಿಸಿ ಕೂತಿದ್ದಾಳೆ, ಅಮ್ಮಾ, ಸಾಕು ಮಾಡು, ಅಪ್ಪನ್ನ ಕರ್ಕೊಂಡ್ ಬಂದ್ಬಿಡು, ಬೆಂಕಿ ಜೊತೆ ಇನ್ನು ಅವರನ್ನ ಬಿಡಬೇಡ, ಬಟನ್ ಒತ್ತಿದ್ರೆ ಮನೆ ಬೆಚ್ಚಗಾಗತ್ತೆ ಇಲ್ಲಿ — ಒಳ್ಳೆಯ ಹುಡುಗಿ, ಹೇಳುವುದರಲ್ಲಿ ತಪ್ಪೇನಿಲ್ಲ, ಆದರೆ ಸಿರಿಲ್ ಬುದ್ಧಿ ನೆಟ್ಟಗಿದ್ದಾಗ ಕೈ ಹಿಡಿದು ಕೇಳಿಕೊಂಡಿದ್ದನಲ್ಲ, ಏನಾದ್ರೂ ಆಗ್ಲಿ ಮೇವಿಸ್, ನನ್ನನ್ನ ನೀರಿಂದ ಮೇಲೆ ಹತ್ತಿಸ್ಬೇಡ ಕಣೇ, ಆಯ್ತು ಕಣೋ ಮಾರಾಯ, ಹತ್ತಿಸಲ್ಲ, ಅಂದಿದ್ದಳು, ಅಂದು ಬಿಡುವುದು ಎಷ್ಟು ಸುಲಭ. ಬೆಂಕಿ ಜೊತೆ ಬಿಡಬೇಡವಂತೆ, ಯಾರನ್ನ, ಸಿರಿಲ್‌ನನ್ನ! ಈ ಕಾಲುವೆಯ ಮೇಲೆ ಬೆಂಕಿಗೆ ಹೆದರುವುದನ್ನು ಎಲ್ಲರಿಗೂ ಕಲಿಸಿದವನೇ ಅವನು, ಹೊಸಬರು ದೋಣಿ ಕೊಂಡು ಬಂದರೆ ಕರೆಯದೆಯೇ ಹೋಗಿ ಅವರ ಗ್ಯಾಸ್ ಕೊಳವೆ ಮೂಸುತ್ತಿದ್ದ, ಗಾಳಿಕಿಂಡಿಗೆ ಬಟ್ಟೆ ತುರುಕಿದ್ದು ಕಂಡರೆ ಕಿತ್ತು ನೀರಿಗೆ ಎಸೆಯುತ್ತಿದ್ದ, ಚಳಿ ಆದ್ರೆ ಇನ್ನೊಂದು ಕೋಟು ಹಾಕ್ಕೊಳ್ರಯ್ಯಾ, ಶವಪೆಟ್ಟಿಗೆ ಬೇಡ, ಅನ್ನುತ್ತಿದ್ದ, ಜನ ಬೈದುಕೊಂಡು ನಗುತ್ತಿದ್ದರು, ಕಿರಿಕಿರಿ ಮುದುಕ. ಬೂದಿಯ ವಿಷಯದಲ್ಲಂತೂ ಭಾರೀ ಕಟ್ಟುನಿಟ್ಟು, ಆರಿದ ಹಾಗೆ ಕಂಡ ಬೂದಿಯನ್ನು ನಂಬಬಾರದು, ಬೂದಿ ಮುಚ್ಚಿದ ಕೆಂಡ ಹೊಗೆ ಬಿಡಲ್ಲ, ವಾಸನೆ ಬರಲ್ಲ, ನಿದ್ದೆ ಬರಿಸಿ ಕೊಲ್ಲತ್ತೆ, ಅದಕ್ಕೇ ಒಲೆ ಕೆದಕಿದ ಕೂಡಲೇ ಬಕೆಟ್ಟಿಗೆ ಮುಚ್ಚಳ ಹಾಕಿ ದಡದ ಹುಲ್ಲಿನ ಮೇಲಿಡಬೇಕು, ಸುತ್ತಲಿನ ಮಂಜು ಕರಗುತ್ತಿದೆಯೋ, ಬೂದಿಗೆ ಇನ್ನೂ ಜೀವ ಇದೆ, ಒಳಗೆ ತರಬೇಡ, ಮಂಜು ಮತ್ತೆ ಕೂತಿತೋ, ಆಗ ಚೆಲ್ಲು. ಆ ಬಕೆಟ್ಟಿನ ಮೇಲೆ ಗುಲಾಬಿ ಬಿಡಿಸಿದ್ದೂ ಅವನೇ, ಹಳೇ ದೋಣಿಯವರ ಹಾಗೆ, ಕೆಂಪು ಒಂದು, ಹಳದಿ ಒಂದು, ನಡುವೆ ಹಸಿರೆಲೆ, ಬೂದಿ ಬಕೆಟ್ಟಿಗೆ ಯಾರಾದ್ರೂ ಹೂವು ಬರೀತಾರೇನೋ ಅಂದರೆ, ದಿನಾ ಕೈ ಹಾಕೋ ಸಾಮಾನು ಕಣೇ, ಚೆಂದ ಇರ್ಲಿ ಬಿಡು.

ಈಗ ಆ ಕೈಯನ್ನೇ ಕಾಯಬೇಕು, ಹಾಸಿಗೆಯಿಂದ ಎದ್ದನೋ ಎದ್ದಳು, ಒಲೆಯ ಕಡೆ ತಿರುಗಿದನೋ ತಿರುಗಿದಳು, ಮೊನ್ನೆ ಖಾಲಿ ಕೆಟಲಿಟ್ಟು ಗ್ಯಾಸ್ ಹಚ್ಚಿದ್ದ, ಆಮೇಲೊಮ್ಮೆ ಹಚ್ಚದೆಯೇ ತಿರುಗಿಸಿಟ್ಟಿದ್ದ, ಅದಕ್ಕೇ ಈಗ ಹೊರಗೆ ಹೊರಟರೆ ಸಿಲಿಂಡರನ್ನೇ ಬಂದ್ ಮಾಡಿ ಹೋಗುತ್ತಾಳೆ, ಇವತ್ತೂ ಮಾಡಿದ್ದಾಳೆ, ಒಲೆಯಲ್ಲಿದ್ದುದನ್ನೆಲ್ಲ ಕೆದಕಿ ಬಕೆಟ್ಟಿಗೆ ತುಂಬಿ ದಡದ ಮೇಲಿಟ್ಟಿದ್ದಾಳೆ, ಒಲೆ ಖಾಲಿ, ಸುಡುವುದು ಏನೂ ಇಲ್ಲ ಒಳಗೆ, ಬಂದುಬಿಡ್ತೀನಿ ಸಿರಿಲ್, ಕಂಬಳಿ ಹೊದ್ಕೊಂಡ್ ಕೂತಿರು, ಚಳಿ ಕಣೇ, ಗೊತ್ತು, ಅದಕ್ಕೇ ಇದ್ದಲು ತರ್ತಿದ್ದೀನಿ. ಎಷ್ಟು ದಣಿವು, ಮೂಳೆಯೊಳಗೆಲ್ಲ ಮರಳು ತುಂಬಿದ ಹಾಗೆ, ಗಾಡಿಯ ಚಕ್ರ ಕಿರ್ ಅನ್ನುತ್ತದೆ, ಎಣ್ಣೆ ಬಿಡಬೇಕು, ಯಾರು ಬಿಡುತ್ತಾರೆ — ರೇಡಿಯೋದವನು ಈಗ ಒಣಗಿದ ಕೊಂಬೆಯ ವಿಷಯ ಹೇಳುತ್ತಿದ್ದಾನೆ, ಚೆನ್ನಾಗಿ ಹೇಳುತ್ತಾನೆ ಪುಣ್ಯಾತ್ಮ, ಈ ದನಿ ಕೇಳಿ ಎಷ್ಟು ದಿನ ಆಯಿತು, ಎಲೆ ಉದುರುವ ಕಾಲದಿಂದ ರೇಡಿಯೋ ಮೂಕವಾಗಿತ್ತು, ಸೆಲ್ಲು ಸೋರಿ ಹಾಳಾಗಿದ್ದವು, ಪೇಟೆಗೆ ಹೋದಾಗಲೆಲ್ಲ ತರಬೇಕು ಅಂದುಕೊಳ್ಳುತ್ತಾಳೆ, ಪ್ರತಿ ಸಲವೂ ಮರೆಯುತ್ತಾಳೆ, ಸಿರಿಲ್ ಕೇಳುತ್ತಲೇ ಇರುತ್ತಾನೆ, ಸೆಲ್ಲು ತಂದ್ಯಾ, ನಾಳೆ ತರ್ತೀನಿ, ಸೆಲ್ಲು ತಂದ್ಯಾ, ನಾಳೆ, ನಾಳೆ —

ತಂದಿಲ್ಲ. ಅವಳು ತಂದಿಲ್ಲ, ಇನ್ಯಾರೂ ತಂದಿಲ್ಲ, ಹಾಗಾದರೆ ರೇಡಿಯೋ ಹೇಗೆ ಮಾತಾಡುತ್ತಿದೆ, ಅದೇ ಅಳತೆಯ ಸೆಲ್ಲು ಇಡೀ ದೋಣಿಯಲ್ಲಿ ಇರುವುದು ಒಂದೇ ಕಡೆ, ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿ, ವಿಷಗಾಳಿ ಬಂದರೆ ಕಿರುಚುವ ಆ ಬಿಳಿ ಡಬ್ಬಿಯಲ್ಲಿ, ಅವನೇ ತಿರುಪು ಹಾಕಿ ಕೂರಿಸಿದ ಡಬ್ಬಿ — ಇರಲಿ, ಒಲೆ ಖಾಲಿ ತಾನೆ, ಗ್ಯಾಸ್ ಬಂದ್ ತಾನೆ, ಸುಡುವುದು ಏನೂ ಇಲ್ಲ ತಾನೆ, ಮೇವಿಸ್ ದಡದ ಕಡೆ ನೋಡಿದಳು, ಬೆಳ್ಳಗೆ ಮಂಜು ಕೂತ ಹುಲ್ಲು, ಅದರ ನಡುವೆ ಒಂದು ಕಪ್ಪು ಉಂಗುರ, ಮಂಜು ಕರಗಿ ನೆಲ ಕಾಣುವಷ್ಟು, ಉಂಗುರದ ಮೇಲೆ ಬಕೆಟ್ ಇಲ್ಲ. ಬಕೆಟ್ ಇಲ್ಲ! ಗಾಡಿ ಯಾವಾಗ ಕೈಬಿಟ್ಟಳು ಗೊತ್ತಿಲ್ಲ, ಹಿಂದೆ ಇದ್ದಲು ದಡಬಡ ಉರುಳಿದ್ದು ಕೇಳಿತು, ಓಡುತ್ತಿದ್ದಾಳೆ, ಎಪ್ಪತ್ತರ ಮುದುಕಿ ಮಂಜಿನ ಮೇಲೆ ಓಡುತ್ತಿದ್ದಾಳೆ, ಎರಡನೇ ಟೀ ಯಾಕೆ ಕುಡಿದೆ, ಯಾಕೆ ಕೂತೆ, ಯಾಕೆ ಕಣ್ಣು ಮುಚ್ಚಿದೆ, ಗಾಳಿಕಿಂಡಿಯಲ್ಲಿ ಏನೋ ಬೂದುಬಣ್ಣದ್ದು, ಕಾಲುಚೀಲ, ಅವನ ಉಣ್ಣೆಯ ಕಾಲುಚೀಲ, ಇನ್ನೊಂದರಲ್ಲಿ ಅದರ ಜೊತೆಯದು, ಬಾಗಿಲು ಒದ್ದಳು, ಒಳಗೆ ಬೆಚ್ಚಗಿತ್ತು, ಎಂಥ ಹಿತವಾದ ಬಿಸುಪು, ಹೊಗೆಯಿಲ್ಲ, ವಾಸನೆಯಿಲ್ಲ, ಸಿರಿಲ್ ಬರಿಗಾಲಲ್ಲಿ ಕುರ್ಚಿಯ ಮೇಲೆ, ಮುಚ್ಚಳ ತೆಗೆದ ಬಕೆಟ್ಟನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಕತ್ತು ಎದೆಗೆ ವಾಲಿ, ಕೆನ್ನೆ ಮಗುವಿನ ಕೆನ್ನೆಯ ಹಾಗೆ ಕೆಂಪಾಗಿ, ಹೆದರಬೇಡಿ, ಕತ್ತರಿಸಿ, ಅನ್ನುತ್ತಿದೆ ರೇಡಿಯೋ, ಸಿರಿಲ್, ಏಳೋ, ಸಿರಿಲ್, ಏಳಲೋ ನನ್ನಪ್ಪಾ, ಉಸಿರು ಕಟ್ಟಿಕೊಂಡು ಅವನ ಕಂಕುಳಿಗೆ ಕೈ ಹಾಕಿ ಎಳೆದಳು, ಎಳೆದಳು, ಮೆಟ್ಟಿಲಿಗೆ ಅವನ ಹಿಮ್ಮಡಿ ತಾಗಿತು, ಬಾಗಿಲು ಹಾಕೇ, ಚಳಿ, ಅಂದ, ಅಂದನಲ್ಲ, ಬಾಯಿ ಬಿಟ್ಟನಲ್ಲ, ಅವಳು ಗಟ್ಟಿಯಾಗಿ ಅತ್ತುಬಿಟ್ಟಳು.

ಚೆಲ್ಲಿದ ಇದ್ದಲು ಕಂಡು ನಾರಿಸ್ ಓಡಿ ಬಂದಿದ್ದ, ಆಂಬುಲೆನ್ಸಿಗೆ ಹೇಳಿದ್ದ, ಮೂಗಿಗೆ ತೋಳು ಒತ್ತಿಕೊಂಡು ಒಳಗೆ ನುಗ್ಗಿ ಬಕೆಟ್ಟನ್ನು ಹೊರಗೆ ತಂದು ಅದೇ ಹುಲ್ಲಿನ ಮೇಲೆ ಕುಕ್ಕಿದ್ದ, ತಪ್ಪಿಸ್ಕೊಂಡ್ರು ಮೇವಿಸಮ್ಮ, ನಿದ್ದೆ ಹೋಗೋಕೆ ಬಿಡಬೇಡಿ, ಮಾತಾಡಿಸ್ತಾ ಇರಿ, ನಾನು ಸೇತುವೆ ಹತ್ರ ನಿಂತಿರ್ತೀನಿ — ಅವನ ಕೋಟು ಸಿರಿಲ್‌ನ ಮೈಮೇಲಿದೆ, ಸಿರಿಲ್ ಒಮ್ಮೆ ವಾಂತಿ ಮಾಡಿದ, ತಲೆ ಸಿಡೀತಿದೆ ಅಂದ, ಅವಳ ತಲೆಯೂ ಸಿಡಿಯುತ್ತಿದೆ, ಒಂದು ಕೈ ಅವನ ಬೆನ್ನಿನ ಮೇಲೆ, ಇನ್ನೊಂದರಲ್ಲಿ ಫೋನು, ಟೆಸ್ಸಾ, ಬಾ ಮಗಳೇ, ಏನಾಯ್ತಮ್ಮಾ, ಆಮೇಲೆ ಹೇಳ್ತೀನಿ, ಅಪ್ಪ ಉಸಿರಾಡ್ತಿದಾರೆ, ಆಸ್ಪತ್ರೆಯಿಂದ ಸೀದಾ ನಿಮ್ಮನೆಗೇ ಬರ್ತೀವಿ, ಆ ಕೋಣೆ ಇದೆಯಲ್ಲ, ಇದೆಯಮ್ಮಾ, ನಿಜವಾಗ್ಲೂ ಬರ್ತೀರಾ, ಬರ್ತೀವಿ. ಮುಗಿಯಿತು, ಇಷ್ಟೇ, ಕೊಟ್ಟ ಮಾತು ಮುರಿಯಲು ಒಂದು ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ, ಕ್ಷಮಿಸೋ ಸಿರಿಲ್, ಇನ್ನು ನನ್ನ ಕೈಲಾಗಲ್ಲ, ನಿಜವಾಗಿಯೂ ಆಗಲ್ಲ — ಬಾಯಿಬಿಟ್ಟು ಹೇಳಿದಳೋ ಇಲ್ಲವೋ, ಅವನಿಗೆ ಕೇಳಿಸಲಿಲ್ಲ, ಅವನು ದಡದ ಕಡೆ ನೋಡುತ್ತಿದ್ದ, ಕಣ್ಣು ತಿಳಿಯಾಗಿತ್ತು, ಹಳೆಯ ಸಿರಿಲ್‌ನ ಕಣ್ಣು, ತಪ್ಪು ಹಿಡಿಯುವ ಕಣ್ಣು, ಬೆರಳೆತ್ತಿ ತೋರಿಸಿದ, ಮೇವಿಸ್, ಅಲ್ನೋಡು, ಮಂಜು ಕರಗ್ತಾ ಇದೆ, ಇನ್ನೂ ಜೀವ ಇದೆ ಅದಕ್ಕೆ, ಒಳಗೆ ತಂದ್ಬಿಟ್ಟೀಯ, ಜೋಕೆ. ಇಲ್ಲ ಕಣೋ, ತರಲ್ಲ. ಕೆಂಪು ಗುಲಾಬಿ, ಹಳದಿ ಗುಲಾಬಿ, ಕೆಳಗೆ ಬಿಳಿ ಹುಲ್ಲಿನಲ್ಲಿ ಕಪ್ಪು ಉಂಗುರ, ಬೆರಳಷ್ಟು ಅಗಲ, ಈಗ ಎರಡು ಬೆರಳು, ಕರಗುತ್ತಿದೆ, ಬಕೆಟ್ಟಿನ ಸುತ್ತ ಮಂಜು, ಇನ್ನೂ ಕರಗುತ್ತಿದೆ