ಎಡಭುಜದ ಸೊಟ್ಟ ಹೊಲಿಗೆ

ನನ್ನ ಮೊಮ್ಮಗಳಿಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ಬೊಚ್ಚುಬಾಯಿಯವರಿಗೆ ಹಲ್ಲು ಕೊಟ್ಟು ಪುಣ್ಯ ಕಟ್ಟಿಕೊಳ್ಳುವವಳು, ಮನೆಗೆ ಬಂದೊಡನೆ ರೆಕ್ಸಿನ್ನು, ಫೋಮ್ ಶೀಟು, ಪ್ಲಾಸ್ಟಿಕ್ ಕೊಳವೆಗಳನ್ನು ನಡುಮನೆಯ ತುಂಬ ಹರಡಿಕೊಂಡು ಕೂತುಬಿಡುತ್ತಿದ್ದಳು. ಯಾವುದೋ ಸಿನಿಮಾದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಹಡಗೊಂದಿದೆಯಂತೆ. ಅದರ ಬಾಗಿಲು ಕಾಯುವವಳೊಬ್ಬಳಿದ್ದಾಳಂತೆ. ಆ ಕಾವಲುಗಾರ್ತಿಯ ಉಡುಪನ್ನು, ತಲೆಯ ಶಿರಸ್ತ್ರಾಣದಿಂದ ಕಾಲಿನ ಬೂಟಿನವರೆಗೆ, ತೆರೆಯ ಮೇಲೆ ಕಂಡ ಹಾಗೆಯೇ ಕೈಯಿಂದ ಮಾಡಬೇಕು. ಒಂದು ಗುಂಡಿ ಹೆಚ್ಚಾಗಬಾರದು, ಒಂದು ಗುಂಡಿ ಕಡಿಮೆಯಾಗಬಾರದು.

"ಯಾಕೆ?" ಎಂದು ಕೇಳಿದೆ.

"ಯಾಕೆ ಅಂದ್ರೆ ಏನು ತಾತ? ಹಾಗೇ ಇರ್ಬೇಕು, ಅಷ್ಟೇ."

ನಾನು ದೇವರನ್ನು ನಂಬಿದವನು. ಯಾಕೆ ಎಂದು ಕೇಳದೆ ಮಾಡುವ ಕೆಲಸ ನನಗೆ ಹೊಸದಲ್ಲ. ಆದರೂ ಬಾಗಿಲು ಕಾಯುವವಳ ಮೇಲೆ ಇಷ್ಟು ಭಕ್ತಿಯೇ? ಹಡಗಿನ ಯಜಮಾನನ ಮೇಲಾದರೂ ಆಗಿದ್ದರೆ ಒಂದು ಮಾತು.

ಇಂಥವರದೊಂದು ಸಂಘವೂ ಉಂಟು. ತಿಂಗಳಿಗೊಮ್ಮೆ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತಾರೆ. ಗಡ್ಡ ನರೆತ ಗಂಡಸರು, ಮಕ್ಕಳೊಂದಿಗರು. ಒಬ್ಬಾತ ದೊಡ್ಡ ಕಚೇರಿಯಲ್ಲಿ ಅಧಿಕಾರಿ, ಅವನ ಸಹಿ ಬೀಳದೆ ಅಲ್ಲಿ ಕಡ್ಡಿ ಅಲ್ಲಾಡುವುದಿಲ್ಲವಂತೆ. ಅಂಥವನು ಒಂದು ದಿನ ನಮ್ಮ ಮನೆಯ ಜಗಲಿಯ ಮೇಲೆ ಕೂತು, ತನ್ನ ಮೊಣಕಾಲ ಚಿಪ್ಪಿನ ಬೂದಿಬಣ್ಣ ಸಿನಿಮಾದ ಬೂದಿಬಣ್ಣಕ್ಕಿಂತ ಒಂದು ಚೂರು ನೀಲಿಯಾಯಿತೆಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು ಅವನಿಗೆ ಕುಡಿಯಲು ನೀರು ಕೊಟ್ಟೆ. ಕೊಡಲು ನನ್ನಲ್ಲಿ ಬೇರೇನೂ ಇರಲಿಲ್ಲ.

ಕಾವಲುಗಾರ್ತಿಯ ಸೊಂಟದಲ್ಲಿ ಒಂದು ಕಿರಣದ ಕೋವಿ. ಸಿನಿಮಾದವರು ಅದನ್ನು ಒಂದು ಹಳೆಯ ನಲ್ಲಿಯ ತಿರುಪು, ಒಂದು ಸೈಕಲ್ ದೀಪ, ಒಂದು ಟಾರ್ಚಿನ ಕೊಳವೆ ಸೇರಿಸಿ ಮಾಡಿದ್ದರಂತೆ. ಇವರಿಗೂ ಅದೇ ನಲ್ಲಿಯ ಅದೇ ತಿರುಪು ಬೇಕು. ಮೊಮ್ಮಗಳು ಊರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಇತ್ತ ನಮ್ಮ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

"ನಲ್ಲಿ ಮೇಲೆ ಇಷ್ಟು ಪ್ರೀತಿ ಇದ್ರೆ ಇದನ್ನೂ ಸ್ವಲ್ಪ ನೋಡು ತಾಯಿ."

"ಅದು ಬೇರೆ ಮಾಡೆಲ್ಲು ತಾತ" ಎಂದಳು, ತಲೆ ಎತ್ತದೆ.

ಈ ಹುಚ್ಚಿಗೆ ನೀರೆರೆದವಳು ನನ್ನಾಕೆ. ಅವಳು ಆಯುಷ್ಯವೆಲ್ಲ ಮನೆಯಲ್ಲೇ ಕೂತು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದವಳು. ಈ ಊರಿನ ಅರ್ಧ ಜನರು ಚಿಕ್ಕಂದಿನಲ್ಲಿ ಅವಳು ಹೊಲಿದ ಚಡ್ಡಿಯಲ್ಲೇ ಓಡಾಡಿದವರು, ಒಬ್ಬರಿಗೂ ನೆನಪಿಲ್ಲ. ಮೊಮ್ಮಗಳು ಕೇಳಿದ್ದೇ ತಡ, ಕನ್ನಡಕ ಏರಿಸಿ ಸಿನಿಮಾದ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತಳು. ಸಂಘದವರು ಒಪ್ಪಿದ ಉಡುಪಿನ ಚಿತ್ರವನ್ನು ಆ ಕೋಣೆಯ ಗೋಡೆಗೆ ಹಾಕಿ, ಕೆಳಗೆ ಮಾಡಿದವರ ಹೆಸರು ಬರೆಯುತ್ತಾರೆಂದು ಗೊತ್ತಾದ ಮೇಲಂತೂ ಅವಳನ್ನು ಹಿಡಿಯುವವರಿಲ್ಲ.

"ನನ್ನ ಹೆಸರೂ ಹಾಕ್ತಾರೇನೇ?"

"ಮೊದಲು ನಿನ್ನ ಹೆಸರು, ಆಮೇಲೆ ನಂದು" ಎಂದಳು ಮೊಮ್ಮಗಳು.

"ಸೈಕಲ್ ಅಂಗಡಿ ಅಟ್ಟದ ಮೇಲೆ! ದೊಡ್ಡ ಕೀರ್ತಿ" ಎಂದೆ ನಾನು.

"ನೀವು ಸುಮ್ನಿರಿ. ನೀವು ಕಟ್ಟಿದ ಪುಸ್ತಕಗಳ ಮೇಲೂ ನಿಮ್ಮ ಹೆಸರೇನೂ ಇರ್ಲಿಲ್ಲ."

ಅದು ನಿಜ. ನಾನು ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದವನು.

ಉಡುಪು ಮುಗಿಯುವ ಹೊತ್ತಿಗೆ ನನ್ನಾಕೆಯ ಹೃದಯ ಸೋತಿತ್ತು. ದಿಂಬಿಗೆ ಒರಗಿಕೊಂಡೇ ಭುಜದ ಪಟ್ಟಿಗಳನ್ನು ಹೊಲಿದಳು. ದಪ್ಪ ರೆಕ್ಸಿನ್ನು ಯಂತ್ರಕ್ಕೆ ಬಗ್ಗದೆ ಸೂಜಿಯಲ್ಲೇ ಹೊಲಿಯಬೇಕಾಯಿತು, ಕಪ್ಪಿನ ಮೇಲೆ ಬಿಳಿ ದಾರ. ಅದೇ ಅವಳ ಕೊನೆಯ ಕೆಲಸ. ದೇವರು ಕೊಟ್ಟಿದ್ದ, ದೇವರು ಕರೆದುಕೊಂಡ. ಈ ಮಾತನ್ನು ನಾನು ಬೇರೆಯವರ ಮನೆಗಳಲ್ಲಿ ಎಷ್ಟೋ ಸಲ ಹೇಳಿ ಬಂದಿದ್ದೇನೆ. ನನ್ನ ಮನೆಯಲ್ಲಿ ಅದನ್ನು ಅರ್ಧಕ್ಕೇ ಬಿಟ್ಟೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದೆ. ಮನೆಯಲ್ಲಿ ಸದ್ದು ಮಾಡುತ್ತಿದ್ದುದು ಆ ನಲ್ಲಿ ಒಂದೇ.

ಸಂಘದವರು ಉಡುಪನ್ನು ತಪಾಸಣೆ ಮಾಡಲು ದಿನ ಗೊತ್ತಾಯಿತು. ಹಿಂದಿನ ದಿನ ಮೊಮ್ಮಗಳು ಲ್ಯಾಬಿಗೆ ಹೋದಾಗ, ಗೂಟಕ್ಕೆ ನೇತುಹಾಕಿದ್ದ ಉಡುಪಿನ ಧೂಳು ಒರೆಸೋಣವೆಂದು ಕೈ ಹಾಕಿದೆ. ಎಡಭುಜದ ಪಟ್ಟಿ ಕಣ್ಣಿಗೆ ಬಿತ್ತು. ಬಕಲ್ಲಿನ ಹತ್ತಿರ ಹೊಲಿಗೆ ಸೊಟ್ಟಗಿತ್ತು. ನೇರವಾಗಿ ಬಂದದ್ದು ಒಳಕ್ಕೆ ವಾಲಿ, ಮತ್ತೆ ಹೊರಕ್ಕೆ ವಾಲಿ, ದಾರಿ ತಪ್ಪಿದ ಇರುವೆಯ ಹಾಗೆ ಹೋಗಿತ್ತು.

ಜೀವಮಾನದಲ್ಲಿ ಅವಳು ಹೀಗೆ ಹೊಲಿದವಳಲ್ಲ. ಕೈ ನಡುಗಿತ್ತು, ಪಾಪ, ಯಾರಿಗೂ ಹೇಳಲಿಲ್ಲ. ಮೊಣಕಾಲ ಚಿಪ್ಪಿನ ಬಣ್ಣಕ್ಕೆ ಅಳುವ ಆ ಜನ ನಾಳೆ ಭುಜಕ್ಕೆ ಬೆರಳಿಟ್ಟು ನಗುತ್ತಾರೆ. ನನ್ನ ಹೆಂಡತಿಯ ಹೆಸರಿನಲ್ಲಿ ಈ ಹೊಲಿಗೆಯೇ?

ಹಳೆಯ ದಬ್ಬಳ ಹುಡುಕಿದೆ. ದಾರಕ್ಕೆ ಮೇಣ ಹಚ್ಚಿದೆ. ಪ್ರಾರ್ಥನೆ ಹೇಳಿಕೊಂಡು ಅವಳ ಹೊಲಿಗೆ ಬಿಚ್ಚಿ, ಸ್ಕೇಲಿಟ್ಟು ಗೆರೆ ಎಳೆದು, ಪುಸ್ತಕದ ಬೆನ್ನು ಹೊಲಿಯುವ ಹಾಗೆ ನೇರವಾಗಿ ಹೊಲಿದೆ. ರೆಕ್ಸಿನ್ನಿಗೆ ಮರೆವಿಲ್ಲ, ಒಮ್ಮೆ ಬಿದ್ದ ಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ. ಅವಳ ತೂತುಗಳಿಗೆ ಕರಿಮೇಣ ತುಂಬಿ, ಬೂಟ್ ಪಾಲಿಶ್ ಹಚ್ಚಿ ತಿಕ್ಕಿದೆ. ಆಮೇಲೆ ದೂರ ನಿಂತು ನೋಡಿದೆ. ಗೆರೆ ಎಂದರೆ ಗೆರೆ. ಅವಳ ಮಾನ ಉಳಿಸಿದೆನೆಂದು ನೆಮ್ಮದಿಯಾಗಿ ನಿದ್ದೆ ಹೋದೆ.

ಮರುದಿನ ಬಸ್ಸಿನಲ್ಲಿ ಶಿರಸ್ತ್ರಾಣವನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಕಂಡಕ್ಟರು ಅದರ ಕಪ್ಪು ಗಾಜಿನೊಳಗೆ ಇಣುಕಿ, "ಇವ್ರಿಗೂ ಒಂದು ಟಿಕೆಟ್ಟಾ ಹಿರಿಯರೇ?" ಎಂದ.

"ಇವ್ರು ಇಳಿಯೋ ಸ್ಟಾಪಿಗೆ ನಿಮ್ಮ ಬಸ್ಸು ಹೋಗಲ್ಲಪ್ಪ" ಎಂದೆ. ಮೊಮ್ಮಗಳು ನಕ್ಕಳು. ಅಜ್ಜಿ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಸಂಘದ ತಪಾಸಣೆಯವನಿಗೆ ನಾನು ಭೂತಗನ್ನಡಿ ಎಂದು ಹೆಸರಿಟ್ಟಿದ್ದೆ. ಸಣಕಲು ಮನುಷ್ಯ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಜೇಬಿನಲ್ಲಿ ಟೇಪು. ಮೊಮ್ಮಗಳು ಉಡುಪು ತೊಟ್ಟು ನಿಂತಳು, ಅವನು ಅವಳ ಸುತ್ತ ಪ್ರದಕ್ಷಿಣೆ ಬಂದ. ಬೂಟು ಸರಿ. ಕೋವಿ ಸರಿ. ನಲ್ಲಿಯ ತಿರುಪು ನೋಡಿ ಅವನ ಮುಖ ಅರಳಿತು. ಎಡಭುಜಕ್ಕೆ ಬಂದವನು ಅಲ್ಲೇ ನಿಂತ.

"ಇದೇನಿದು? ನೇರ ಇದೆ?"

"ನೇರ ಇರ್ದೆ ಇನ್ನೇನು" ಎಂದೆ ನಾನು, ಬೆನ್ನು ನೆಟ್ಟಗೆ ಮಾಡಿ.

"ಸಿನಿಮಾದಲ್ಲಿ ಇಲ್ಲಿ ಹೊಲಿಗೆ ಸೊಟ್ಟ ಇದೆ ತಾತ. ಅದೇ ಇದರ ಗುರುತು. ನಮ್ಮಲ್ಲಿ ಎಷ್ಟೋ ಜನ ಎಡವೋದೇ ಇಲ್ಲಿ." ಮೊಮ್ಮಗಳ ಕಡೆ ತಿರುಗಿ, "ನೀವು ಮೊದಲು ಕಳಿಸಿದ ಫೋಟೋದಲ್ಲಿ ಸರಿಯಾಗೇ ಇತ್ತಲ್ಲ? ಅಂಥ ಸೊಟ್ಟ ನಾನು ಯಾರ ಕೈಲೂ ನೋಡಿರ್ಲಿಲ್ಲ" ಎಂದ.

ಮೊಮ್ಮಗಳು ಶಿರಸ್ತ್ರಾಣ ತೆಗೆದು ಭುಜ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಅಷ್ಟೇ ಸಾಕಾಯಿತು.

"ಹೀಗಿದ್ರೆ ಗೋಡೆಗೆ ಹಾಕೋಕಾಗಲ್ಲ. ಮುಂದಿನ ತಿಂಗಳು ಸರಿ ಮಾಡ್ಕೊಂಡು ಬನ್ನಿ. ಆವತ್ತೂ ಆಗ್ಲಿಲ್ಲ ಅಂದ್ರೆ ಈ ಉಡುಪನ್ನ ಮತ್ತೆ ನೋಡಲ್ಲ. ನಿಯಮ" ಎಂದ ಭೂತಗನ್ನಡಿ.

ನಿಯಮವಂತೆ! ಸಿನಿಮಾದ ದರ್ಜಿ ತೂಕಡಿಸುತ್ತಲೋ ಹೆಂಡತಿಯೊಡನೆ ಜಗಳವಾಡಿ ಬಂದೋ ಎಲ್ಲೋ ಒಂದು ಕಡೆ ಸೊಟ್ಟ ಹೊಲಿದ. ಅವನ ಆ ತೂಕಡಿಕೆಗೆ ಇಲ್ಲಿ ಇಷ್ಟು ಜನ ಕೈಮುಗಿಯುತ್ತಾರೆ. ದೇವರ ಮಾತನ್ನು ಇವರು ಹೀಗೆ ಅಕ್ಷರ ಬಿಡದೆ ಪಾಲಿಸಿದ್ದರೆ ಲೋಕದಲ್ಲಿ ಬೀಗ ಮಾರುವವನಿಗೆ ವ್ಯಾಪಾರವೇ ಇರುತ್ತಿರಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಈ ಮಾತನ್ನೇ ಹೇಳಹೊರಟೆ. ಅವಳು ತಡೆದಳು.

"ತಾತ, ಅಜ್ಜಿ ಆ ಸೊಟ್ಟಕ್ಕೆ ಎಷ್ಟು ಒದ್ದಾಡಿದ್ಲು ಗೊತ್ತಾ? ಬೇರೆ ಚೂರುಗಳ ಮೇಲೆ ಹೊಲಿದು ಹೊಲಿದು ಬಿಸಾಕಿದ್ಲು. 'ಹಾಳು ಕೈ, ಸೊಟ್ಟ ಹೋಗು ಅಂದ್ರೆ ನೆಟ್ಟಗೇ ಹೋಗುತ್ತಲ್ಲೇ' ಅಂತ ಬೈಕೊಳ್ತಿದ್ಲು. ಕೊನೆಗೆ ಸರಿಯಾಗಿ ಸೊಟ್ಟ ಬಂದ ದಿನ ನಾವಿಬ್ರೂ ಬಿದ್ದು ಬಿದ್ದು ನಕ್ವಿ."

"ನಾನೆಲ್ಲಿದ್ದೆ?"

"ನೀನು ಪ್ರಾರ್ಥನೆಗೆ ಹೋಗಿದ್ದೆ. ಅವಳು ಹುಷಾರಾಗ್ಲಿ ಅಂತ." ಕಿಟಕಿಯ ಕಡೆ ತಿರುಗಿದಳು. "ಕೇಳಬಾರದಿತ್ತಾ ನನ್ನನ್ನ? ಒಂದು ಮಾತು?"

ಶಿರಸ್ತ್ರಾಣದ ಕಪ್ಪು ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಅದನ್ನು ಆಚೆ ತಿರುಗಿಸಿಕೊಂಡೆ.

ಮುಂದಿನ ರಜೆಯ ದಿನ ಇಬ್ಬರೂ ಕಿಟಕಿಯ ಬೆಳಕಿಗೆ ಕೂತೆವು. ನನ್ನ ನೇರ ಹೊಲಿಗೆಯನ್ನು ನಾನೇ ಬಿಚ್ಚಿದೆ. ಆಮೇಲೆ ಸೂಜಿಯ ಮೊನೆಯಿಂದ ನನ್ನಾಕೆಯ ತೂತುಗಳಲ್ಲಿ ತುಂಬಿದ್ದ ಮೇಣವನ್ನು ಒಂದೊಂದಾಗಿ ತೆಗೆದೆ. ಎಲ್ಲವೂ ಅಲ್ಲೇ ಇದ್ದವು. ದಾರವಿಲ್ಲದೆ ಬರಿಯ ತೂತುಗಳನ್ನು ನೋಡಿದಾಗ, ಮೊದಲೇ ಕಾಣಬೇಕಾಗಿದ್ದುದು ಆಗ ಕಂಡಿತು. ನಡುಗುವ ಕೈಯ ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಇಲ್ಲಿ ತೂತಿನಿಂದ ತೂತಿಗೆ ಒಂದೇ ಅಳತೆ. ದಿಕ್ಕು ಮಾತ್ರ ಬೇರೆ. ಸೊಟ್ಟದಲ್ಲೂ ಅವಳ ಲೆಕ್ಕ ತಪ್ಪಿರಲಿಲ್ಲ.

ಅವಳ ತೂತುಗಳಲ್ಲೇ ಸೂಜಿ ಹಾಯಿಸುತ್ತ ಹೋದೆ. ಹೊಸದೊಂದು ತೂತು ಮಾಡಲಿಲ್ಲ. ಎಲ್ಲಿ ತಿರುಗಬೇಕೋ ಅಲ್ಲಿ ಅವಳೇ ತಿರುಗಿಸಿದಳು. ಮೊಮ್ಮಗಳು ಪಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು. ನಡುವೆ ಒಮ್ಮೆ ನಾನು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಅವಳು ನೋಡದವಳ ಹಾಗೆ ಇದ್ದಳು.

ಮುಗಿದ ಮೇಲೆ ಉಳಿದದ್ದು ನನ್ನ ತೂತುಗಳು. ಮೇಣ, ಪಾಲಿಶ್ ಏನು ಹಚ್ಚಿದರೂ ಸೊಟ್ಟ ಹೊಲಿಗೆಯ ಪಕ್ಕದಲ್ಲೇ ನೇರವಾದ ಚುಕ್ಕೆಗಳ ಸಾಲು ಎದ್ದು ಕಾಣುತ್ತಿತ್ತು. ಮೊಮ್ಮಗಳು ಅದರ ಮೇಲೆ ಬೆರಳಾಡಿಸಿದಳು.

"ಇರ್ಲಿ ಬಿಡು ತಾತ. ಹಾಕಿದ್ರೆ ಹಾಕ್ಲಿ. ಇಲ್ಲ ಅಂದ್ರೆ ನಮ್ಮ ಮನೆ ಗೋಡೆಗೆ ನಾನೇ ಅಜ್ಜಿ ಹೆಸರು ಬರೀತೀನಿ."

ಅವಳು ಧೈರ್ಯಕ್ಕೆ ಹೇಳಿದ ಮಾತದು. ನನಗೆ ಊಟ ರುಚಿಸಲಿಲ್ಲ. ಸೈಕಲ್ ಅಂಗಡಿಯ ಅಟ್ಟದ ಗೋಡೆ ಎಂದು ಹಂಗಿಸಿದವನು ನಾನೇ, ಆ ಗೋಡೆಯ ಮೇಲೆ ನನ್ನಾಕೆಯ ಹೆಸರು ಬರಲೆಂದು ಬೆಳಿಗ್ಗೆ ಸಂಜೆ ದೇವರನ್ನು ಕಾಡಿದವನೂ ನಾನೇ.

ಎರಡನೆಯ ತಪಾಸಣೆಯ ದಿನ ಭೂತಗನ್ನಡಿ ನೇರವಾಗಿ ಎಡಭುಜಕ್ಕೇ ಬಂದ. ಸೊಟ್ಟ ನೋಡಿ ತಲೆದೂಗಿದ. ಆಮೇಲೆ ಹುಬ್ಬು ಗಂಟಿಕ್ಕಿದ. ಗಾಜು ಹತ್ತಿರ ತಂದ.

"ಈ ಚುಕ್ಕೆಗಳು?"

ಸುಳ್ಳು ನನಗೆ ಒಗ್ಗದು. "ಸ್ವಾಮಿ, ಅದು ಏನಂದ್ರೆ..." ಎಂದು ಬಾಯಿ ತೆರೆದೆ.

"ಶ್! ಒಂದು ನಿಮಿಷ ತಾತ." ಕಂಪ್ಯೂಟರಿನಲ್ಲಿ ಸಿನಿಮಾದ ಚಿತ್ರ ತೆರೆದು ಭುಜವನ್ನು ಹಿಗ್ಗಿಸಿದ. ಹಿಗ್ಗಿಸಿದಷ್ಟೂ ಚಿತ್ರ ಮಸಕಾಯಿತು. ಕೊನೆಗೆ ತೆರೆಯ ತುಂಬ ಬರೀ ಬೂದಿ ಕಾಳುಗಳು, ರವೆ ಚೆಲ್ಲಿದ ಹಾಗೆ. ಅದರೊಳಗೆ ಅವನು ಕಣ್ಣು ನೆಟ್ಟು ಕೂತ. ಉಳಿದವರೂ ಬಂದು ಸುತ್ತ ನಿಂತರು.

"ಇದೆ" ಎಂದ ಭೂತಗನ್ನಡಿ. ತೆರೆಗೆ ಬೆರಳಿಟ್ಟ. "ನೋಡಿ, ಇಲ್ಲಿ. ಎರಡನೇ ಸಾಲು. ಇಷ್ಟು ವರ್ಷ ನಮಗ್ಯಾರಿಗೂ ಕಂಡಿರ್ಲಿಲ್ಲ!"

"ಹೌದಲ್ಲ!" ಎಂದ ಮೊಣಕಾಲ ಚಿಪ್ಪಿನ ಅಧಿಕಾರಿ. "ನನಗೂ ಕಾಣ್ತಿದೆ!"

ನನಗೆ ಕಂಡದ್ದು ರವೆ. ಮತ್ತೆ ಬಾಯಿ ತೆರೆಯಹೋದೆ, ಆದರೆ ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ಶಿರಸ್ತ್ರಾಣದೊಳಗಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು. ಮೊಮ್ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ ಕಪ್ಪು ಗಾಜಿನಿಂದಾಗಿ ತಿಳಿಯಲಿಲ್ಲ.

ಚಿತ್ರ ಗೋಡೆಗೇರಿತು. ಕೆಳಗೆ ಮೊದಲು ನನ್ನಾಕೆಯ ಹೆಸರು. ನಾನು ಟೋಪಿ ತೆಗೆದು ಅದರ ಮುಂದೆ ನಿಂತೆ. ಮಾಡಿದ್ದು ಇವರ ಮೂರ್ಖತನವಾದರೂ, ಮೇಲೆ ಕೂತು ಮಾಡಿಸಿದವನಿಗೆ ಮನಸ್ಸಿನಲ್ಲೇ ವಂದಿಸಿದೆ.

ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಸಂಘದವರೆಲ್ಲ ತಮ್ಮ ತಮ್ಮ ಉಡುಪುಗಳನ್ನು ತೆಗೆದು ಎಡಭುಜಕ್ಕೆ ಎರಡನೆಯ ಸಾಲು ಚುಚ್ಚತೊಡಗಿದರು. ಒಬ್ಬ ಹೆಬ್ಬೆರಳಿಗೇ ಚುಚ್ಚಿಕೊಂಡ. ಬೇರೆ ಊರುಗಳ ಸಂಘಗಳಿಂದ, ಸಾಲು ಸಾಲಿನ ನಡುವೆ ಅಂತರವೆಷ್ಟು ಎಂದು ಪ್ರಶ್ನೆಗಳು ಬಂದವಂತೆ. ಉತ್ತರ ಹೇಳಲು ಭೂತಗನ್ನಡಿ ಕೈವಾರ ಹಿಡಿದು ನಮ್ಮ ಮನೆಗೇ ಬಂದ.

ನಾನು ಅವನನ್ನು ಕೂರಿಸಿ, ಬಿಡಿಸಿ ಹೇಳಿದೆ. "ನೋಡಪ್ಪ, ಸೊಟ್ಟ ಹೊಲಿಗೆ ನನ್ನ ಹೆಂಡತಿಯದು. ಚುಕ್ಕೆಗಳು ನನ್ನವು. ನಾನು ತಪ್ಪು ತಿಳಿದು ಬಿಚ್ಚಿ ಹೊಲಿದಾಗ ಬಿದ್ದದ್ದು. ಸಿನಿಮಾದಲ್ಲಿ ಅಂಥದ್ದೇನೂ ಇಲ್ಲ."

ಅವನು ನನ್ನ ಕೈಮೇಲೆ ಕೈಯಿಟ್ಟು ಮುಗುಳ್ನಕ್ಕ. "ದೊಡ್ಡ ಕೆಲಸ ಮಾಡಿದವರು ಹೀಗೇ ಮಾತಾಡೋದು ತಾತ. ಅಜ್ಜಿ ಕಣ್ಣಿಗೆ ಕಂಡದ್ದು ನಮಗ್ಯಾರಿಗೂ ಕಂಡಿರ್ಲಿಲ್ಲ."

ಉಡುಪು ತಂದು ಮೇಜಿನ ಮೇಲೆ ಹಾಸಿ, ಅವನು ಅಳೆಯಲೆಂದು ದೀಪ ಹಿಡಿದೆ. ಅವಳ ಹೊಲಿಗೆ ಒಳಕ್ಕೆ ವಾಲಿದಲ್ಲಿ ನನ್ನ ಸಾಲಿಗೆ ತಾಗುವಷ್ಟು ಹತ್ತಿರ ಬಂದು, ಮತ್ತೆ ದೂರ ಸರಿದಿತ್ತು. ಅವನು ಒಂದೊಂದನ್ನೂ ಅಳೆದ. ಅವಳಿದ್ದಿದ್ದರೆ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿಬಿಡುತ್ತಿದ್ದಳು.

ಹೊರಡುವ ಮೊದಲು ಅವನು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದ.

"ನಿಮ್ಮ ನಲ್ಲಿ ಸೋರ್ತಾ ಇದೆಯಲ್ಲ ತಾತ?"

"ಸೋರಲೇಬೇಕು. ಸಿನಿಮಾದಲ್ಲಿ ಹಾಗೇ ಇದೆ" ಎಂದೆ.

ಅವನು ನಗಲಿಲ್ಲ. ಹೊಸ್ತಿಲಲ್ಲಿ ನಿಂತು ಸ್ವಲ್ಪ ಯೋಚಿಸಿದ. ಚಪ್ಪಲಿ ಮತ್ತೆ ಬಿಟ್ಟು, ಕೊರಳಿನ ಭೂತಗನ್ನಡಿಯನ್ನು ಕೈಗೆ ತೆಗೆದುಕೊಂಡು, ಬಚ್ಚಲಿನ ಕಡೆ ನಡೆದ.